ಪುಣೆಯ ಚಳಿಗಾಲವೂ ದ್ವಿಚಕ್ರ ಸವಾರರ ಆರೋಗ್ಯವೂ

ಪುಷ್ಯಮಾಸದ ಬೆಳಗು. ಇನ್ನೂ ಆರು ಗಂಟೆಯಾಗಿಲ್ಲ. ಭೋಸರಿಯ ಕಾರ್ಖಾನೆಗೆ ಮೊದಲ ಪಾಳಿಗೆ ಹೊರಟ ನೌಕರನು ಕಿವಿಗೆ ಮಫ್ಲರು ಸುತ್ತಿ, ಸ್ವೆಟರಿನ ಒಳಗೆ ಎದೆಯ ಮೇಲೆ ಹಿಂದಿನ ದಿನದ ವೃತ್ತಪತ್ರಿಕೆಯನ್ನು ಮಡಿಸಿಟ್ಟು ತನ್ನ ವಾಹನವನ್ನೇರುತ್ತಾನೆ. ನೋಡಿದವರು ನಗಬಹುದು. ಆದರೆ ಗಾಳಿಯನ್ನು ತಡೆಯುವುದರಲ್ಲಿ ಮಡಿಸಿದ ಕಾಗದವು ಒಂಟಿ ಸ್ವೆಟರಿಗಿಂತ ಎಷ್ಟೋ ಮೇಲು. ಉಣ್ಣೆಯ ಹೆಣಿಗೆಯ ಸಾವಿರ ಕಂಡಿಗಳಲ್ಲಿ ನುಸುಳುವ ಗಾಳಿ ಕಾಗದದ ನಾಲ್ಕು ಮಡಿಕೆಯಲ್ಲಿ ನುಸುಳಲಾರದು. ಪತ್ರಿಕೆಯನ್ನು ಓದುವಷ್ಟೇ ಧರಿಸುವುದೂ ಉಪಯುಕ್ತವೆಂಬುದನ್ನು ಪುಣೆಯ ಶ್ರಮಜೀವಿಗಳು ಯಾವ ಶಾಸ್ತ್ರಗ್ರಂಥದ ನೆರವೂ ಇಲ್ಲದೆ ಕಂಡುಕೊಂಡಿದ್ದಾರೆ.

ಒಂದು ಕಾಲಕ್ಕೆ ಸೈಕಲ್ಲುಗಳ ಊರೆನಿಸಿದ್ದ ಪುಣೆ ಇಂದು ಸ್ಕೂಟರು, ಮೋಟಾರುಸೈಕಲ್ಲುಗಳ ಊರು. 1972ರಲ್ಲಿ ಬಂದ ಬಜಾಜ್ ಚೇತಕ್ ಆಕುರ್ಡಿಯದು. ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದ ಕನ್ನಡಿಗರ ಸಂಸಾರಗಳಲ್ಲಿ ಮೊದಲ ಆಸ್ತಿಯೆಂದರೆ ಬಹುಪಾಲು ಇಂಥದೊಂದು ವಾಹನವೇ. ಆದರೆ ವಾಹನದ ಬೆಲೆ, ಕಂತು, ವಿಮೆಗಳ ಬಗ್ಗೆ ತೋರುವ ಎಚ್ಚರವನ್ನು ಅದರ ಮೇಲೆ ಕುಳಿತುಕೊಳ್ಳುವ ದೇಹದ ಬಗ್ಗೆ ತೋರುವವರು ವಿರಳ.

ಪುಣೆಯ ಚಳಿಯ ಸ್ವಭಾವವೇ ಬೇರೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿ, ಸಹ್ಯಾದ್ರಿಯ ಒಳಮಗ್ಗುಲಲ್ಲಿರುವ ಈ ಊರಿಗೆ ಚಳಿಗಾಲದಲ್ಲಿ ಬರುವುದು ಉತ್ತರ ದಿಕ್ಕಿನ ಒಣಗಾಳಿ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಕಾವು ಬೇಗನೆ ಆಕಾಶಕ್ಕೆ ಹಾರಿಹೋಗುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ನದಿಯ ದಂಡೆ, ತಗ್ಗುಪ್ರದೇಶಗಳಲ್ಲಿ ಇಳಿದು ನಿಲ್ಲುತ್ತದೆ. ಅದರ ಜೊತೆಗೇ ಊರಿನ ಹೊಗೆಯೂ ಅಲ್ಲೇ ನಿಲ್ಲುವುದು ಗೂರಲು ರೋಗಿಗಳ ದುರ್ದೈವ. 1935ರ ಜನವರಿ 17ರಂದು ಇಲ್ಲಿ ಉಷ್ಣಾಂಶ 1.7 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತು. ಸಾಮಾನ್ಯ ವರ್ಷಗಳಲ್ಲಿ ಬೆಳಗಿನ ಜಾವ ಹತ್ತು-ಹನ್ನೆರಡು ಡಿಗ್ರಿಯಿದ್ದು, ಮಧ್ಯಾಹ್ನ ಮೂವತ್ತರ ಸಮೀಪಕ್ಕೆ ಏರುವುದೂ ಉಂಟು. ಮಂಗಳೂರು, ಕಾರವಾರದ ಕಡೆಯಿಂದ ಬಂದವರಿಗೆ ಇದು ಹೊಸತು. ಧಾರವಾಡ, ಬೀದರಿನವರಾದರೋ ಚಳಿ ತಮಗೆ ಹಳೆಯ ನೆಂಟನೆಂದು ಅಸಡ್ಡೆ ಮಾಡುತ್ತಾರೆ. ಕೌದಿ ಹೊದ್ದು ಕಂಡ ಚಳಿಗೂ ವಾಹನದ ಮೇಲೆ ಎದುರಾಗುವ ಚಳಿಗೂ ಇರುವ ಅಂತರ ಅವರ ಲಕ್ಷ್ಯಕ್ಕೆ ಬರುವುದಿಲ್ಲ.

ಆ ಅಂತರವೇ ಗಾಳಿ. ನಿಶ್ಚಲವಾದ ಹವೆಯಲ್ಲಿ ನಮ್ಮ ಚರ್ಮದ ಸುತ್ತ ಬೆಚ್ಚನೆಯ ಗಾಳಿಯ ತೆಳುಪದರವೊಂದು ಇರುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ. ದಕ್ಷಿಣಧ್ರುವ ಪ್ರದೇಶದಲ್ಲಿ ನೀರು ಹೆಪ್ಪುಗಟ್ಟುವ ವೇಗವನ್ನು ಅಳೆದು ಸೈಪಲ್ ಮತ್ತು ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು 1945ರಲ್ಲಿ ಈ ವಿಷಯದ ಲೆಕ್ಕವನ್ನು ಪ್ರಕಟಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಆ ಸೂತ್ರದ ಪ್ರಕಾರ ಹತ್ತು ಡಿಗ್ರಿಯ ಹವೆಯಲ್ಲಿ ಗಂಟೆಗೆ 60 ಕಿಲೋಮೀಟರು ವೇಗದ ಗಾಳಿಗೆ ಒಡ್ಡಿದ ಮುಖಕ್ಕೆ ಐದು ಡಿಗ್ರಿಯ ಅನುಭವವಾಗುತ್ತದೆ. ಹವೆಯೇ ಐದಿದ್ದರೆ ಅನುಭವ ಸೊನ್ನೆಗಿಂತಲೂ ಕೆಳಗೆ. ವಿಶೇಷವೆಂದರೆ ಈ ಗಾಳಿ ಎಲ್ಲಿಂದಲೂ ಬಂದುದಲ್ಲ. ಸವಾರನು ತಾನೇ ಉಂಟುಮಾಡಿಕೊಂಡದ್ದು. ವೇಗವನ್ನು ತಗ್ಗಿಸಿದರೆ ಅದೂ ತಗ್ಗುತ್ತದೆ.

ದೇಹದ ಶಾಖಕ್ಕೂ ಜಮಾ-ಖರ್ಚಿದೆ. ಖರ್ಚು ಹೆಚ್ಚಿದೊಡನೆ ದೇಹವು ಹೃದಯ, ಮೆದುಳುಗಳ ಪಾಲನ್ನು ಉಳಿಸಿಕೊಳ್ಳಲು ಕೈಕಾಲುಗಳ ಪಾಲನ್ನು ಮೊಟಕುಗೊಳಿಸುತ್ತದೆ. ಬೆರಳುಗಳ ರಕ್ತನಾಳಗಳು ಕುಗ್ಗಿ, ಬೆರಳು ಮರಗಟ್ಟುತ್ತದೆ. ಬ್ರೇಕು, ಕ್ಲಚ್ಚುಗಳೆರಡೂ ಆ ಬೆರಳುಗಳ ಅಧೀನ. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಹದಿನೇಳು ಮೀಟರು. ಮರಗಟ್ಟಿದ ಬೆರಳು ಅರ್ಧ ಸೆಕೆಂಡು ತಡಮಾಡಿದರೆ ವಾಹನ ಎಂಟು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ರಕ್ತನಾಳಗಳು ಕುಗ್ಗಿದಾಗ ರಕ್ತದೊತ್ತಡವೂ ಏರುತ್ತದೆ. ಹೃದಯಾಘಾತಗಳು ಚಳಿಗಾಲದಲ್ಲಿ, ಅದರಲ್ಲೂ ಬೆಳಗಿನ ಹೊತ್ತಿನಲ್ಲಿ ಹೆಚ್ಚೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ನಲವತ್ತು ದಾಟಿ, ಒತ್ತಡದ ಗುಳಿಗೆ ನುಂಗುವವರು ಮುಂಜಾನೆಯ ಸವಾರಿಯಲ್ಲಿ ಎದೆ ಹಿಡಿದಂತಾದರೆ ಅದನ್ನು ಚಳಿಗೋ ವಾಯುವಿಗೋ ಆರೋಪಿಸಿ ಮುಂದುವರಿಯಬಾರದು. ಅಲ್ಲೇ ನಿಂತು ನೆರವು ಕೇಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ಪಾದದ ಸ್ಪರ್ಶಜ್ಞಾನ ಮೊದಲೇ ಕುಂದಿರಬಹುದು. ಬೆಚ್ಚಗಾಗಲೆಂದು ಎಂಜಿನ್ನಿನ ಬಳಿಗೆ ಕಾಲು ಒಯ್ದವರಿಗೆ ಸುಟ್ಟದ್ದು ಮನೆಗೆ ಬಂದು ಮೋಜಾ ಕಳಚಿದಾಗಲೇ ಗೊತ್ತಾದೀತು. ಮುಖ ಸೊಟ್ಟಗಾಗುವ ಕಾಯಿಲೆಗೆ ನಮ್ಮ ಹಿರಿಯರು ತಣ್ಣನೆಯ ಗಾಳಿಯನ್ನೇ ದೂರುತ್ತಾರೆ. ವೈದ್ಯರು ಹೇಳುವುದು ಮುಖದ ನರದ ಉರಿಯೂತವನ್ನು. ಅದಕ್ಕೆ ವೈರಸ್ಸಿನ ಸಂಬಂಧವಿರಬಹುದೆಂದೂ ಎಣಿಸುತ್ತಾರೆ. ಕಾರಣ ಏನೇ ಇರಲಿ, ಅದು ಲಕ್ವದ ಲಕ್ಷಣವೂ ಆಗಿರಬಹುದಾದುದರಿಂದ ಅಂದೇ ವೈದ್ಯರನ್ನು ಕಾಣುವುದು ಅವಶ್ಯ.

ಉಡುಪಿನ ಮಾತು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಲೇಸು. ಮೈಗೆ ತಗಲುವ ಬಟ್ಟೆ ಒಣಗಿರಬೇಕು, ನಡುವಿನದು ಉಣ್ಣೆಯದಾಗಬಹುದು, ಹೊರಗಿನದು ಗಾಳಿ ತಡೆಯುವಂಥದಾಗಬೇಕು. ಮಳೆಗಾಲದ ರೇನುಕೋಟನ್ನು ದಸರೆಗೇ ಅಟ್ಟಕ್ಕೇರಿಸದೆ ಹೊರಪದರವಾಗಿ ಉಪಯೋಗಿಸಬಹುದು. ಕೈಚೀಲಗಳು ಅಗಲವಾಗಿರಲಿ, ಬಿಗಿಯಾದರೆ ರಕ್ತಸಂಚಾರಕ್ಕೇ ತಡೆ. ಕಣ್ಣಷ್ಟೇ ಬಿಟ್ಟು ಮುಖವನ್ನೆಲ್ಲ ಓಢಣಿಯಿಂದ ಸುತ್ತಿಕೊಳ್ಳುವ ಪುಣೆಯ ತರುಣಿಯರನ್ನು ಹೊರಗಿನವರು ಕುತೂಹಲದಿಂದ ನೋಡುವುದುಂಟು. ಧೂಳು, ಬಿಸಿಲು, ಚಳಿ ಮೂರಕ್ಕೂ ಅಷ್ಟು ಅಗ್ಗದ ಮದ್ದು ಮತ್ತೊಂದಿಲ್ಲ. ಆದರೆ ಅದು ಹೆಲ್ಮೆಟ್ಟಿಗೆ ಬದಲಿಯಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೆಲ್ಮೆಟ್ಟನ್ನು ಕಡ್ಡಾಯಮಾಡಿದ್ದರೂ ಪುಣೆಯಲ್ಲಿ ಅದರ ವಿರುದ್ಧ ಚಳವಳಿಗಳೇ ನಡೆದಿವೆ. ಚಳಿಗಾಲದಲ್ಲಾದರೂ ಈ ವಿರೋಧವನ್ನು ಕೈಬಿಡಲು ಕಿವಿಗಳೇ ಶಿಫಾರಸು ಮಾಡುತ್ತವೆ!

ಹೊರಡುವ ಮುನ್ನ ಒಂದು ಗುಟುಕು ಬ್ರಾಂದಿ ಮೈ ಬೆಚ್ಚಗಿಡುವುದೆಂಬ ನಂಬಿಕೆ ಅಪಾಯಕಾರಿ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದ ಭ್ರಮೆಯುಂಟಾಗುತ್ತದೆ. ವಾಸ್ತವದಲ್ಲಿ ಒಳಗಿನ ಶಾಖ ಹೊರಗೆ ಸೋರಿಹೋಗುತ್ತದೆ. ಅದಕ್ಕಿಂತ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬೆಣ್ಣೆ, ಒಂದು ಲೋಟ ಬಿಸಿ ಹಾಲು ಎಷ್ಟೋ ನಂಬಿಕಸ್ಥ.

ಊರಿನೊಳಗಿನ ಸವಾರಿ ಅರ್ಧ ಗಂಟೆಯದು. ಸಂಕ್ರಾಂತಿಗೋ ಜಾತ್ರೆಗೋ ವಾಹನದ ಮೇಲೆಯೇ ತವರಿನ ಕಡೆ ಹೊರಡುವವರ ಪಾಡು ಬೇರೆ. ಬೆಳಗಾವಿಗೆ ಸುಮಾರು 340 ಕಿಲೋಮೀಟರು. ಹಿಂದೆ ನಾಲ್ಕನೆಯ ಸಂಖ್ಯೆಯದಾಗಿದ್ದು ಈಗ 48 ಎನಿಸಿಕೊಂಡಿರುವ ಹೆದ್ದಾರಿಯಲ್ಲಿ ನೀರಾ, ಕೃಷ್ಣಾ, ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ಎಂದು ನದಿಯ ಮೇಲೆ ನದಿ. ಪ್ರತಿ ನದಿಯ ಬಯಲಿನಲ್ಲೂ ಬೆಳಗಿನ ಮಂಜು. ಇದೇ ಕಾಲಕ್ಕೆ ಸಾತಾರಾದಿಂದ ಸಂಕೇಶ್ವರದವರೆಗೆ ಸಕ್ಕರೆ ಕಾರ್ಖಾನೆಗಳ ಕಬ್ಬು ನುರಿಸುವ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಅದರ ಹಿಂದೆ ಮೊಳಗಟ್ಟಲೆ ಚಾಚಿದ ಕಬ್ಬು. ಹಿಂದೀಪ ಇರುವುದು ಅದೃಷ್ಟ. ಮಂಜಿನಲ್ಲಿ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಸವಾರನ ಬೆರಳು ಮರಗಟ್ಟಿದ್ದರೆ ಮುಂದಿನದನ್ನು ಬರೆಯಬೇಕಿಲ್ಲ. ಮಂಜಿನಲ್ಲಿ ಎತ್ತರದ ದೀಪ ಹಾಕಿದರೆ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ. ತಗ್ಗಿಸಿದ ದೀಪವೇ ಸರಿ.

ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗುವವರಿಗೆ ಮಂಜಿನ ಕಾಟ ಕಡಿಮೆ, ಒಣಹವೆಯ ಕಾಟ ಹೆಚ್ಚು. ಬೆಳಿಗ್ಗೆ ನಡುಕ, ಮಧ್ಯಾಹ್ನ ಎರೆಯ ಬಯಲಿನ ಬಿಸಿಲು. ಚಳಿಯಲ್ಲಿ ಬಾಯಾರಿಕೆ ತೋರದಿದ್ದರೂ ದೇಹದ ನೀರು ಗಾಳಿಗೆ ಆರುತ್ತಲೇ ಇರುತ್ತದೆ. ಗಂಟೆಗೊಮ್ಮೆ ನಿಂತು ನೀರು ಕುಡಿಯಬೇಕು. ಹುಬ್ಬಳ್ಳಿಯಿಂದ ಅರಬೈಲು ಘಟ್ಟವಿಳಿದು ಕರಾವಳಿಗೆ ಹೋಗುವವರಿಗಾದರೋ ಎರಡು ಗಂಟೆಯೊಳಗೆ ಋತುವೇ ಬದಲಾಗುತ್ತದೆ. ಕೆಳಗೆ ಸ್ವೆಟರು ಬೆವರಿನಲ್ಲಿ ತೊಯ್ಯುತ್ತದೆ. ಅದೇ ಒದ್ದೆ ಬಟ್ಟೆಯಲ್ಲಿ ಸಂಜೆ ಘಟ್ಟ ಹತ್ತುವುದೇ ಜ್ವರಕ್ಕಿಂತ ದೊಡ್ಡ ತೊಂದರೆಗೆ ದಾರಿ: ಒದ್ದೆ ಬಟ್ಟೆ ಒಣಬಟ್ಟೆಗಿಂತ ಬಹುಪಾಲು ಬೇಗ ಮೈಶಾಖವನ್ನು ಎಳೆದುಬಿಡುತ್ತದೆ. ಚೀಲದಲ್ಲಿ ಒಂದು ಒಣ ಅಂಗಿ ಇದ್ದರೆ ಸಾಕು.

ಯಂತ್ರಕ್ಕೂ ಚಳಿಯುಂಟು. ಹಳೆಯ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಚೋಕು ಎಳೆದು, ಹತ್ತು ಸಲ ಒದ್ದ ಮುಂಜಾವುಗಳು ಹಲವರ ನೆನಪಿನಲ್ಲಿವೆ. ಸಂಸಾರಸ್ಥರ ವ್ಯಾಯಾಮವೆಲ್ಲ ಆಗ ಅಲ್ಲೇ ಮುಗಿಯುತ್ತಿತ್ತು. 2020ರ ಏಪ್ರಿಲ್ಲಿನ ನಿಯಮಗಳ ತರುವಾಯ ಬಂದ ವಾಹನಗಳಲ್ಲಿ ಚೋಕು ಬಹುಮಟ್ಟಿಗೆ ಮಾಯವಾಗಿದೆ. ಅದೇ ವರ್ಷ ಪುಣೆ, ಬೆಂಗಳೂರುಗಳಲ್ಲಿ ಮೊದಲು ಮಾರಾಟಕ್ಕೆ ಬಂದ ವಿದ್ಯುತ್ ಚೇತಕ್‌ನಂಥವುಗಳಿಗೂ ಚಳಿ ತಪ್ಪಿದ್ದಲ್ಲ. ಬ್ಯಾಟರಿ ತಣ್ಣಗಾದಷ್ಟೂ ಕ್ರಮಿಸುವ ದೂರ ಕಡಿಮೆ. ಟೈರಿನ ಗಾಳಿಯೂ ಚಳಿಗೆ ಇಳಿಯುವುದರಿಂದ ಹೊರಡುವ ದಿನ ಬೆಳಿಗ್ಗೆಯೇ ಅಳತೆ ನೋಡಿಸಬೇಕು.

ದೂರ ಪ್ರಯಾಣಕ್ಕೆ ನಸುಕಿನಲ್ಲೇ ಹೊರಡುವುದು ನಮ್ಮವರ ಹಳೆಯ ರೂಢಿ. ಬೇಸಿಗೆಗೆ ಅದು ಸರಿ. ಜನವರಿಯಲ್ಲಿ ಪುಣೆಯ ಸೂರ್ಯೋದಯವೇ ಏಳು ಗಂಟೆಯ ಬಳಿಕ. ನಾಲ್ಕೂವರೆಗೆ ಹೊರಟವನು ಗಳಿಸುವುದು ಮೂರು ತಾಸು. ತೆರುವುದು ಅತ್ಯಂತ ಚಳಿಯ, ಅತ್ಯಂತ ಮಂಜಿನ ಮೂರು ತಾಸು. ಏಳೂವರೆಗೆ ತಿಂಡಿ ತಿಂದು ಹೊರಟವನಿಗೆ ಕರಾಡದ ಹೊತ್ತಿಗೆ ಮಂಜು ಕರಗಿರುತ್ತದೆ, ಕಬ್ಬಿನ ಗಾಡಿಗಳು ದೂರದಿಂದಲೇ ಕಾಣುತ್ತವೆ. ನಡುವೆ ಎರಡು ಕಡೆ ಚಹಾ, ಒಂದು ಕಡೆ ಊಟ ಹಿಡಿದರೂ ಸಂಜೆ ನಾಲ್ಕರ ಸುಮಾರಿಗೆ ಬೆಳಗಾವಿ. ಧಾರವಾಡದಾಚೆಗೆ ಹೋಗುವವರು ಆ ರಾತ್ರಿ ಅಲ್ಲಿಯೇ ಪರಿಚಯಸ್ಥರ ಮನೆಯಲ್ಲಿ ಉಳಿದು ಮರುದಿನ ಬಿಸಿಲೇರಿದ ಮೇಲೆ ಹೊರಡಬಹುದು.