ಆಸ್ಪತ್ರೆ ಉಚಿತ, ಆದರೂ ಯಾಕೆ ಬರಲ್ಲ?

ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ.
ಆದರೂ ಪುಣೆ ಜಿಲ್ಲೆಯ ಕಾತ್ಕರಿ ಆದಿವಾಸಿಗಳು ಅಲ್ಲಿಗೆ ಹೋಗಲು ಯಾಕೆ ಹಿಂಜರೀತಾರೆ?
ಮೂಢನಂಬಿಕೆ ಅಂದುಬಿಡೋದು ಸುಲಭ.
ನಾನಂತೂ ಒಪ್ಪಲ್ಲ.

ಮುಳಶಿ, ಮಾವಳ ಕಡೆಯ ಇವರ ಬದುಕು ನೋಡಿ.
ಬಹುಪಾಲು ಜನರಿಗೆ ಸ್ವಂತ ಜಮೀನಿಲ್ಲ.
ಮಳೆಗಾಲ ಮುಗಿದದ್ದೇ ತಡ, ಮನೆಮಂದಿಯೆಲ್ಲ ಇಟ್ಟಿಗೆ ಭಟ್ಟಿಗೆ ಗುಳೆ ಹೋಗ್ತಾರೆ.
ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ, ಎಲ್ಲದರ ಲೆಕ್ಕ ಇರೋದು ಊರಿನ ಆಶಾ ಕಾರ್ಯಕರ್ತೆ ಹತ್ತಿರ.
ಭಟ್ಟಿ ಇರೋ ಕಡೆ ಇವರು ಯಾರ ಪಟ್ಟಿಗೂ ಸುಲಭವಾಗಿ ಸೇರಲ್ಲ.
ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿಯೂ ಹೋಯ್ತು.
ಬಸ್ಸು ಉಚಿತ, ಆದರೆ ನೀವು ಕೆಲಸದಲ್ಲಿರುವಾಗಲೇ ಬಂದು ಹೊರಟುಹೋಗುತ್ತೆ ಅಂದ್ಕೊಳ್ಳಿ. ಹಾಗೆ.

"ಮೊದಲು ಭಗತನ, ಅಂದರೆ ತಮ್ಮ ನಾಟಿ ವೈದ್ಯನ ಹತ್ತಿರ ಹೋಗ್ತಾರಲ್ಲ?" ಅಂತೀರಿ.
ಹೌದು. ಭಗತ ಪಕ್ಕದಲ್ಲೇ ಇರ್ತಾನೆ, ರಾತ್ರಿಯೂ ಸಿಗ್ತಾನೆ, ಗದರಿಸಲ್ಲ.

"ಗುಡ್ಡಗಾಡಲ್ಲಿ 3,000 ಜನಕ್ಕೊಂದು ಆರೋಗ್ಯ ಉಪಕೇಂದ್ರ ಅಂತ ನಿಯಮ ಇದೆಯಲ್ಲ?"
ಇದೆ. ಆದರೆ ಆ ಲೆಕ್ಕ ಊರಲ್ಲೇ ನಿಂತವರದ್ದು.

ಕಾತ್ಕರಿಗಳಂಥ ಆದಿವಾಸಿಗಳಿಗಾಗಿ 2023ರ ನವೆಂಬರ್‌ನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆಯಲ್ಲಿ ಸಂಚಾರಿ ವೈದ್ಯಕೀಯ ವಾಹನಗಳಿವೆ.
ಅವು ಇವರ ವಾಡಿಗಳಿಗೆ (ಹಾಡಿಗಳಿಗೆ) ಅಷ್ಟೇ ಅಲ್ಲ, ಭಟ್ಟಿಗಳಿಗೂ ಹೋಗಬೇಕು.
ಅದೂ ಸಂಜೆ, ಕೂಲಿ ಮುಗಿದ ಮೇಲೆ.