ಹಳೇ ಜನರೇಟರ್‌ನಲ್ಲಿ ವೋಲ್ಟೇಜ್ ಕಮ್ಮಿನಾ? ಮೊದಲು ಹರ್ಟ್ಸ್ ನೋಡಿ

ಯಲಹಂಕ, ಹೆಸರಘಟ್ಟ ಕಡೆ ಬೋರ್‌ವೆಲ್‌ಗಳು ತುಂಬಾ ಆಳ. ಪಾಲಿಹೌಸ್‌ಗೆ ನೀರು ಬಿಡೋ ಹೊತ್ತಲ್ಲಿ ಕರೆಂಟ್ ಹೋದರೆ ಹಳೇ ಡೀಸೆಲ್ ಜನರೇಟರೇ ಗತಿ. ಅದು 415 ವೋಲ್ಟ್ ಬದಲು 350 ಕೊಟ್ಟರೆ ಪಂಪಿನ ಮೋಟರ್ ಹೆಚ್ಚು ಆಂಪ್ಸ್ ಎಳೆದು ಬಿಸಿಯಾಗುತ್ತೆ. ವೈಂಡಿಂಗ್ ಸುಟ್ಟರೆ ರಿಪೇರಿ ಜೊತೆಗೆ ಮೋಟರ್ ಮೇಲೆತ್ತಿಸೋ ಖರ್ಚೂ ಬೀಳುತ್ತೆ.

ವೋಲ್ಟೇಜ್ ಇಳಿದ ಕೂಡಲೇ ಎವಿಆರ್ ಸ್ಕ್ರೂ ತಿರುಗಿಸಬೇಡಿ. ಪಂಪ್ ಆಫ್ ಮಾಡಿ, ಮೀಟರ್‌ನಲ್ಲಿ ಹರ್ಟ್ಸ್ ನೋಡಿ. 1500 ಆರ್‌ಪಿಎಂ ಸೆಟ್ 50 ಹರ್ಟ್ಸ್ ಕೊಡಬೇಕು, ಲೋಡ್ ಇಲ್ಲದಾಗ ಸ್ವಲ್ಪ ಜಾಸ್ತಿ ಇರಬಹುದು.

ಹರ್ಟ್ಸ್ 45 ಇದೆಯಾ? ಹಾಗಿದ್ರೆ ಆಲ್ಟರ್ನೇಟರ್ 1350ರಲ್ಲೇ ತಿರುಗ್ತಿದೆ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಗವರ್ನರ್ ನೋಡಿಸಿ. ಬೆಲ್ಟ್ ಸೆಟ್ ಆದ್ರೆ ಬೆಲ್ಟ್ ಸಡಿಲವಾಗಿದೆಯಾ ನೋಡಿ. ಸ್ಪೀಡ್ ಕಮ್ಮಿ ಇರುವಾಗ ಎವಿಆರ್ ಏರಿಸಿದ್ರೆ ರೋಟರ್ ಕಾಯಿಲ್ ಕಾಯುತ್ತೆ, ರೋಗ ಹಾಗೇ ಉಳಿಯುತ್ತೆ.

ಪಂಪ್ ಹಾಕಿದಾಗ ಮಾತ್ರ ಹರ್ಟ್ಸ್ ಕುಸಿದರೆ? ಫಿಲ್ಟರ್ ಕಟ್ಟಿರಬಹುದು, ಎಂಜಿನ್ ಸೊರಗಿರಬಹುದು, ಇಲ್ಲವೇ ಜನರೇಟರ್ ಶಕ್ತಿಗಿಂತ ಪಂಪ್ ದೊಡ್ಡದಿರಬಹುದು.

ಹರ್ಟ್ಸ್ ಸರಿ ಇದ್ದು ವೋಲ್ಟ್ ಮಾತ್ರ ಕಮ್ಮಿಯಾ? ಸವೆದ ಕಾರ್ಬನ್ ಬ್ರಷ್, ಕಪ್ಪಾದ ಸ್ಲಿಪ್ ರಿಂಗ್, ಸಡಿಲ ವೈರ್, ಆಮೇಲೆ ಎವಿಆರ್, ಈ ಕ್ರಮದಲ್ಲಿ ಹುಡುಕಿ. ಬ್ರಷ್ ಇಲ್ಲದ ಸೆಟ್‌ನಲ್ಲಿ ಡಯೋಡ್ ಹೋಗಿರಬಹುದು. ಬರೀ ಐದಾರು ವೋಲ್ಟ್ ತೋರಿಸಿದ್ರೆ, ತುಂಬಾ ದಿನ ನಿಂತ ಸೆಟ್‌ನ ಒಳಗಿನ ಅಯಸ್ಕಾಂತ ಶಕ್ತಿ ಇಳಿದಿರಬಹುದು. ಅದನ್ನು ಎಲೆಕ್ಟ್ರಿಷಿಯನ್ ಬ್ಯಾಟರಿಯಿಂದ ಸರಿ ಮಾಡ್ತಾರೆ.

ಕವರ್ ಬಿಚ್ಚೋ ಮುಂಚೆ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ವೈರ್ ತೆಗೀರಿ. ಲೋಡ್ ಇಲ್ಲದಾಗ ಒಂದು, ಪಂಪ್ ಹಾಕಿದ ತಕ್ಷಣ ಒಂದು ಮೀಟರ್ ಫೋಟೊ ತೆಗೆದು ಮೆಕ್ಯಾನಿಕ್‌ಗೆ ಕಳಿಸಿ. ಯಾವ ಸಾಮಾನು ತರಬೇಕು ಅಂತ ಅವರಿಗೆ ಅರ್ಧ ಅಲ್ಲೇ ಗೊತ್ತಾಗುತ್ತೆ.