ನೆಟೆ ಹೋದ ತೊಗರಿ, ಒಂಬತ್ತನೇ ತರಗತಿಯ ಲೆಕ್ಕ

ಗೊಬ್ಬೂರ ಸುತ್ತಿನ ಎರೆ ಹೊಲಗಳಲ್ಲಿ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ರೈತರ ಎದೆ ನಡುಗಿಸುವ ಮಾತು ಒಂದೇ: ‘ನೆಟೆ ಹೋಗ್ಯಾದ’. ಗಿಡ ನಿಂತಲ್ಲೇ ಒಣಗುತ್ತದೆ. 2022–23ರ ಹಂಗಾಮಿನಲ್ಲಿ ಈ ರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ಯಾವ ಪರಿ ನುಂಗಿತೆಂದರೆ, ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ನಮ್ಮ ಹೊಲದ ಗಿಡ ಯಾಕೆ ಒಣಗಿತು ಎಂದು ಒಂಬತ್ತನೇ ತರಗತಿಯ ಹುಡುಗಿ ಕೇಳಿದರೆ, ಶಾಲೆ ಆ ಪ್ರಶ್ನೆಗೆ ಒಂದು ಪಿರಿಯಡ್ ಕೊಟ್ಟೀತೆ?

ಕೊಡಲು ದಾರಿಯಂತೂ ಇದೆ. ದೇಶಮಟ್ಟದಲ್ಲಿ 1993ರಲ್ಲಿ ಶುರುವಾದ ಮಕ್ಕಳ ವಿಜ್ಞಾನ ಸಮಾವೇಶ ಹುಟ್ಟಿದ್ದೇ ಇಂಥ ಪ್ರಶ್ನೆಗಳಿಗಾಗಿ. 10ರಿಂದ 17 ವರ್ಷದವರು ತಮ್ಮೂರಿನ ಸಮಸ್ಯೆಯೊಂದನ್ನು ಆರಿಸಿಕೊಂಡು, ಮಾರ್ಗದರ್ಶಿ ಶಿಕ್ಷಕರ ನೆರವಿನಿಂದ ಅಧ್ಯಯನ ಮಾಡಿ, ವರದಿ ಬರೆದು, ತೀರ್ಪುಗಾರರ ಮುಂದೆ ಮಂಡಿಸಬೇಕು. ಕನ್ನಡದಲ್ಲೇ ಮಂಡಿಸಬಹುದು. ಕರ್ನಾಟಕದಲ್ಲಿ ಇದನ್ನು ನಡೆಸಿಕೊಂಡು ಬಂದದ್ದು 1980ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಶಾಲೆಯ ವಸ್ತುಪ್ರದರ್ಶನಕ್ಕೂ ಇದಕ್ಕೂ ಅಜಗಜಾಂತರ. ಥರ್ಮಾಕೋಲಿನ ಜ್ವಾಲಾಮುಖಿ ಇಲ್ಲಿ ನಡೆಯದು.

ನೆಟೆ ರೋಗವನ್ನು ಗಮನಿಸಲು ಪ್ರಯೋಗಾಲಯವೂ ಬೇಕಿಲ್ಲ. ಒಣಗಿದ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು–ಕಪ್ಪು ಗೆರೆ ಕಾಣುತ್ತದೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ನೀರೇರುವ ನಾಳಗಳನ್ನು ಕಟ್ಟಿಹಾಕಿದ ಗುರುತು ಅದು. ಒಣ ಬೇರು ಕೊಳೆ ರೋಗದಲ್ಲಿ ಬೇರೇ ಕೊಳೆತು, ಎಳೆದರೆ ಗಿಡ ಸಲೀಸಾಗಿ ಕಿತ್ತು ಬರುತ್ತದೆ. ನೆಲದ ತೇವ ಆರಿ ಬಿಸಿ ಏರಿದಾಗ ಅದರ ಕಾಟ ಜಾಸ್ತಿ. ದೂರದಿಂದ ನೋಡಿದರೆ ಎರಡೂ ಒಂದೇ. ಮಕ್ಕಳು ನಾಲ್ಕಾರು ಹೊಲಗಳಲ್ಲಿ ನೂರು ನೂರು ಗಿಡ ಎಣಿಸಿ, ಎಷ್ಟು ಒಣಗಿವೆ, ಯಾವ ಬಗೆಯಲ್ಲಿ, ತಳಿ ಯಾವುದು, ಹೋದ ವರ್ಷ ಅಲ್ಲಿ ತೊಗರಿಯೇ ಇತ್ತೋ ಜೋಳವಿತ್ತೋ ಎಂದು ಹದಿನೈದು ದಿನಕ್ಕೊಮ್ಮೆ ಬರೆದಿಡಬಹುದು. ರೋಗಾಣು ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಹಿಂದಿನ ಬೆಳೆ ಕೇಳಲೇಬೇಕು. ಜೋಳವಿದ್ದ ಹೊಲದಲ್ಲಿ ನೆಟೆ ಕಡಿಮೆ ಕಂಡರೂ, ಜೋಳವೇ ಕಾರಣ ಎನ್ನಲು ನಾಲ್ಕು ಹೊಲ ಸಾಲದು. ಈ ಎಚ್ಚರ ಕಲಿಸುವುದೇ ಮಾರ್ಗದರ್ಶಿಯ ಅಸಲಿ ಕೆಲಸ. ವ್ಯತ್ಯಾಸವೇ ಸಿಗದಿದ್ದರೆ ಹಾಗೆಂದೇ ಬರೆಯಲಿ; ಬಹುಮಾನದ ಆಸೆಗೆ ಅಂಕಿ ತಿದ್ದುವ ಚಾಳಿ ಇಲ್ಲಿಂದಲೇ ಶುರುವಾಗುವುದು.

ಶಿಕ್ಷಕರ ತಲೆನೋವು ಬೇರೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಕಲಬುರಗಿ ಶೇ 42.43ರ ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. ‘ಪಾಸಾಗೋದೇ ಕಷ್ಟ, ಇನ್ನು ಸಂಶೋಧನೆ ಎಲ್ಲಿಂದ ತರೋಣ’ ಎನ್ನುವವರನ್ನು ದೂರುವಂತಿಲ್ಲ. ಆದರೆ ಶೇಕಡಾ, ಸರಾಸರಿ, ನಕ್ಷೆ, ಸ್ವಂತ ವಾಕ್ಯದಲ್ಲಿ ವರದಿ, ಇದರಲ್ಲಿ ಪಠ್ಯದ ಹೊರಗಿನದು ಯಾವುದಿದೆ? ಹತ್ತನೆಯವರನ್ನು ಬಿಟ್ಟುಬಿಡಿ. ಒಂಬತ್ತನೆಯವರಿಗೆ ಬಿತ್ತನೆಯಿಂದ ರಾಶಿಯವರೆಗೂ ಕಾಲವಿದೆ.

ನನ್ನ ತಕರಾರು ಆಮೇಲಿನದರ ಬಗ್ಗೆ. ಜಿಲ್ಲಾ ಮಟ್ಟದಲ್ಲಿ ಆಯ್ಕೆಯಾಗದ ವರದಿ ಕಪಾಟು ಸೇರಿದರೆ, ಗಿಡ ಎಣಿಸಲು ಬಿಟ್ಟ ಹೊಲದವರಿಗೇ ಆ ಲೆಕ್ಕ ತಲುಪುವುದಿಲ್ಲ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಮಕ್ಕಳು ಅಲ್ಲಿ ಬಸ್ಸು, ಶೌಚಾಲಯ ಕೇಳುತ್ತಾರೆ; ಕೇಳಬೇಕಾದದ್ದೇ. ಅದೇ ಸಭೆಯಲ್ಲಿ ಹತ್ತು ನಿಮಿಷ ನೆಟೆಯ ಲೆಕ್ಕವನ್ನೂ ಓದಲಿ, ಕೃಷಿ ವಿಜ್ಞಾನ ಕೇಂದ್ರದವರೂ ಬಂದು ಕೂರಲಿ. ನಮ್ಮ ರೈತರು ಸುಮ್ಮನೆ ಚಪ್ಪಾಳೆ ತಟ್ಟಿ ಏಳುವವರಲ್ಲ. ‘ಬದುವಿನ ಕಡಿಗೆ ಎಣಿಸೀರೋ, ನಡು ಹೊಲದಾಗ ಎಣಿಸೀರೋ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಮಕ್ಕಳ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಮರುದಿನ ಮತ್ತೆ ಹೊಲಕ್ಕೆ ಹೋಗಬೇಕು.